ಫೈರ್ ಆ್ಯಂಡ್ ಸೇಫ್ಟಿ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಈ ಲೆಕ್ಕ ನೋಡಿ

ಪಿಯುಸಿ ರಿಸಲ್ಟ್ ಬಂತು ಅಂದರೆ ನಮ್ಮ ಕೊಪ್ಪಳದ ಕಡೆ ಬಸ್ ಸ್ಟ್ಯಾಂಡ್ ಗೋಡೆ, ಕರೆಂಟ್ ಕಂಬ, ಝೆರಾಕ್ಸ್ ಅಂಗಡಿ ಬಾಗಿಲು ಎಲ್ಲ ಕಡೆ ಒಂದೇ ಥರದ ಪೋಸ್ಟರ್. ಹಳದಿ ಹೆಲ್ಮೆಟ್ ಹಾಕಿದ ಹುಡುಗ, ಹಿಂದೆ ಕೆಂಪು ಅಗ್ನಿಶಾಮಕ ಗಾಡಿ, ಮೇಲೆ ದಪ್ಪ ಅಕ್ಷರದಲ್ಲಿ "ಫೈರ್ ಆ್ಯಂಡ್ ಸೇಫ್ಟಿ, 100% ಉದ್ಯೋಗ ಗ್ಯಾರಂಟಿ". ಎಸ್ಸೆಸ್ಸೆಲ್ಸಿ ಆದರೂ ಸರಿ, ಪಿಯುಸಿ ಆದರೂ ಸರಿ, ಪಾಸಾದರೂ ಸರಿ, ಫೇಲಾದರೂ ಸರಿ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಮೇ ತಿಂಗಳಲ್ಲಿ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಹುಡುಗ ಫೈರ್ ಸೇಫ್ಟಿ ಕೋರ್ಸ್ ಮಾಡ್ತೀನಿ ಅನ್ನಾಕತ್ಯಾನ. ಒಂದು ವರ್ಷ ಓದಿದ್ರ ಫ್ಯಾಕ್ಟರ್ಯಾಗ ಸೇಫ್ಟಿ ಆಫೀಸರ್ ಆಕ್ಕಾರಂತ. ಎಮ್ಮಿ ಮಾರಿ, ಉಳಿದದ್ದು ಸಾಲ ತಂದು ಕಟ್ಟೂಣು ಅಂತ ಮಾಡೀವಿ. ನೀ ಪೇಪರಿನ್ಯಾಗ ಇದ್ದಿ, ಒಂಚೂರು ವಿಚಾರ ಮಾಡಿ ಹೇಳು."

"ಎಲ್ಲಿ ನೋಡಿದ ಅಂವಾ ಇದನ್ನ?" ಅಂತ ಕೇಳಿದೆ.

"ನಿಮ್ಮ ಪೇಪರಿನ್ಯಾಗ ಬಂದಿತ್ತಲ್ಲೋ. ಕಾಲು ಪುಟ ಐತಿ."

ನಾನು ಸುಮ್ಮನಾದೆ. ಆ ಕಾಲು ಪುಟದ ಜಾಹೀರಾತು ತಂದುಕೊಟ್ಟವನು ನಾನೇ. ನನ್ನಂಥ ಜಿಲ್ಲೆಯ ಸ್ಟ್ರಿಂಗರ್‌ಗಳ ಬದುಕು ಗೊತ್ತಿರುವವರಿಗೆ ಇದು ಹೊಸದಲ್ಲ. ಸುದ್ದಿಗೆ ಸಿಗುವ ದುಡ್ಡಿನಲ್ಲಿ ಬೈಕಿಗೆ ಪೆಟ್ರೋಲ್ ಆಗುವುದೂ ಕಷ್ಟ. ರಿಸಲ್ಟ್ ಪುರವಣಿಗೆ ಜಾಹೀರಾತು ತಂದರೆ ಕಮಿಷನ್ ಸಿಗುತ್ತದೆ. ಆ ಜಾಹೀರಾತಿನಿಂದ ನನಗೆ ಮೂರು ಸಾವಿರ ಬಂದಿತ್ತು. ಅದರಲ್ಲಿ ಬರೆದದ್ದು ಖರೇನೋ ಸುಳ್ಳೋ ಅಂತ ನಾನು ಒಂದು ಮಾತೂ ಕೇಳಿರಲಿಲ್ಲ. ನನ್ನ ಅಕ್ಕನ ಮನೆಯ ಎಮ್ಮೆ ಮಾರುವ ಮಾತು ಬಂದಾಗ ಕೇಳಬೇಕು ಅನ್ನಿಸಿತು.

ಆಮೇಲೆ ಮೂರು ವಾರ ಅಲ್ಲಿ ಇಲ್ಲಿ ತಿರುಗಿ, ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಂಕಿ ಮತ್ತು ಸುರಕ್ಷತೆಯ ಓದು ಒಳ್ಳೆಯ ಓದೇ. ಆದರೆ ಪಿಯುಸಿ ಮುಗಿಸಿದ ತಕ್ಷಣ, ಸಾಲ ಮಾಡಿ, ಮಾನ್ಯತೆ ಇಲ್ಲದ ಕಡೆ ಮಾಡುವ ಒಂದು ವರ್ಷದ ಕೋರ್ಸ್ ಬಹಳ ಹುಡುಗರಿಗೆ ಆ ಪೋಸ್ಟರ್‌ನಲ್ಲಿ ಇರುವ ಯಾವ ಬಾಗಿಲನ್ನೂ ತೆಗೆಯುವುದಿಲ್ಲ. ಆ ಬಾಗಿಲುಗಳಿಗೆ ಬೇರೆ ಕೀಲಿ ಇದೆ, ಮತ್ತು ಅದು ಬಹಳ ಸಲ ಇದಕ್ಕಿಂತ ಸೋವಿ.

ಅಗ್ನಿಶಾಮಕ ಠಾಣೆ ನೌಕರಿಗೆ ಈ ಕೋರ್ಸ್ ಬೇಕಿಲ್ಲ

ಪೋಸ್ಟರ್‌ನಲ್ಲಿ ಕೆಂಪು ಗಾಡಿ ನೋಡಿ ಬಹಳ ಹುಡುಗರು ಅಂದುಕೊಳ್ಳುವುದು, ಈ ಕೋರ್ಸ್ ಮಾಡಿದರೆ ಸರ್ಕಾರಿ ಫೈರ್‌ಮನ್ ಆಗಬಹುದು ಅಂತ. ಇದು ದೊಡ್ಡ ತಪ್ಪು ತಿಳಿವಳಿಕೆ.

ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ 2020ರಲ್ಲಿ ನೇಮಕಾತಿ ಅಧಿಸೂಚನೆ ಹೊರಡಿಸಿತ್ತು. ಒಟ್ಟು 1,567 ಹುದ್ದೆ, ಅದರಲ್ಲಿ 1,222 ಫೈರ್‌ಮನ್ ಹುದ್ದೆ. ಆ ಫೈರ್‌ಮನ್ ಹುದ್ದೆಗೆ ಕೇಳಿದ ಓದು ಎಸ್ಸೆಸ್ಸೆಲ್ಸಿ. ಫೈರ್ ಡಿಪ್ಲೊಮಾ ಅಲ್ಲ. ಎತ್ತರ, ಎದೆ ಸುತ್ತಳತೆ, ಓಟ, ಲಿಖಿತ ಪರೀಕ್ಷೆ ಇವುಗಳ ಮೇಲೆ ಆಯ್ಕೆ. ಆಯ್ಕೆ ಆದವರಿಗೆ ಬೆಂಕಿ ಆರಿಸುವುದು, ಏಣಿ ಹತ್ತುವುದು, ಹೊಗೆಯಲ್ಲಿ ಸಿಕ್ಕವರನ್ನು ಹೊರಗೆ ತರುವುದು ಎಲ್ಲವನ್ನೂ ಇಲಾಖೆಯೇ ಕಲಿಸುತ್ತದೆ. ಅದಕ್ಕೆಂದೇ ಬೆಂಗಳೂರಿನಲ್ಲಿ ಆರ್.ಎ. ಮುಂಡ್ಕೂರ್ ಹೆಸರಿನ ತರಬೇತಿ ಅಕಾಡೆಮಿ ಇದೆ. ಇಲಾಖೆ ಪಗಾರ ಕೊಟ್ಟು ಕಲಿಸುವುದನ್ನು ನಾವು ಸಾಲ ಮಾಡಿ ಮೊದಲೇ ಕಲಿತು ಹೋಗುವ ಅಗತ್ಯ ಏನಿದೆ?

ಕೇಂದ್ರ ಸರ್ಕಾರದ ಕಡೆಯೂ ನೋಡಿ. ಸಿಐಎಸ್ಎಫ್ 2024ರಲ್ಲಿ ಕಾನ್‌ಸ್ಟೇಬಲ್ ಫೈರ್ ಅಂತ 1,130 ಹುದ್ದೆ ಕರೆದಿತ್ತು. ಕೇಳಿದ್ದು ಸೈನ್ಸ್ ವಿಷಯದ ಪಿಯುಸಿ, ವಯಸ್ಸು 18ರಿಂದ 23. ವಿಮಾನ ನಿಲ್ದಾಣ ಪ್ರಾಧಿಕಾರ ಕರೆಯುವ ಫೈರ್ ಸರ್ವಿಸ್ ಜೂನಿಯರ್ ಅಸಿಸ್ಟೆಂಟ್ ಹುದ್ದೆಗೆ ಮೂರು ವರ್ಷದ ಮೆಕ್ಯಾನಿಕಲ್, ಆಟೊಮೊಬೈಲ್ ಅಥವಾ ಫೈರ್ ಡಿಪ್ಲೊಮಾ ಬೇಕು, ಇಲ್ಲವೇ ಪಿಯುಸಿಯಲ್ಲಿ ಶೇ. 50 ಅಂಕ ಸಾಕು. ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಇರಲೇಬೇಕು.

ಅಂದರೆ ಫೈರ್‌ಮನ್ ಆಗಬೇಕು ಅನ್ನುವ ಹುಡುಗನಿಗೆ ಬೇಕಾದ್ದು ಮೂರು. ದಿನಾ ಬೆಳಿಗ್ಗೆ ಓಡುವುದು, ಸಾಮಾನ್ಯ ಜ್ಞಾನ ಮತ್ತು ಗಣಿತ ಓದುವುದು, 18 ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸುವುದು. ಡ್ರೈವಿಂಗ್ ಸ್ಕೂಲ್ ಫೀಸ್ ಸೇರಿಸಿ ಹಿಡಿದರೂ ಒಂದು ವರ್ಷದ ಕೋರ್ಸಿನ ಹಾಸ್ಟೆಲ್ ಖರ್ಚಿನ ಹತ್ತಿರವೂ ಇದು ಹೋಗುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಸರ್ಕಾರಿ ಹುದ್ದೆ ವರ್ಷಾ ವರ್ಷಾ ಕರೆಯುವುದಿಲ್ಲ. ಕರೆದಾಗ ಅರ್ಜಿ ಹಾಕುವವರು ಬಹಳ. ಆದ್ದರಿಂದ ಅದೊಂದನ್ನೇ ನಂಬಿ ಕೂರಬಾರದು. ಓಡುತ್ತಾ, ಓದುತ್ತಾ ಬೇರೆ ದಾರಿಯೂ ಹಿಡಿದಿರಬೇಕು.

ಸೇಫ್ಟಿ ಆಫೀಸರ್ ಅಂದರೆ ಯಾರು?

ಅಕ್ಕ ಹೇಳಿದ "ಫ್ಯಾಕ್ಟರ್ಯಾಗ ಸೇಫ್ಟಿ ಆಫೀಸರ್" ಮಾತಿಗೆ ಬರೋಣ. ನಮ್ಮ ಗಿಣಿಗೇರಾ ಸುತ್ತ ಎಷ್ಟು ಚಿಮಣಿ ಇವೆ ಅಂತ ನಿಮಗೆ ಗೊತ್ತು. ಆ ಕಡೆ ತೋರಣಗಲ್ಲಿಗೆ ಹೋದರೆ ಉಕ್ಕಿನ ಊರೇ ಇದೆ. ಅಲ್ಲೆಲ್ಲ ಸೇಫ್ಟಿ ಆಫೀಸರ್ ಬೇಕೇ ಬೇಕು. ಅದು ಕಂಪನಿಯವರ ದೊಡ್ಡ ಮನಸ್ಸಿನ ಮಾತಲ್ಲ, ಕಾನೂನಿನ ಮಾತು.

1948ರ ಕಾರ್ಖಾನೆ ಕಾಯ್ದೆಯ 40-ಬಿ ಕಲಮು 1,000 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸುರಕ್ಷತಾ ಅಧಿಕಾರಿ ನೇಮಿಸಬೇಕು ಎಂದಿತ್ತು. ಸಂಸತ್ತು 2020ರಲ್ಲಿ ಪಾಸು ಮಾಡಿದ, 2025ರ ನವೆಂಬರ್ 21ರಿಂದ ಕೇಂದ್ರ ಜಾರಿಗೆ ತಂದ ಹೊಸ ಸಂಹಿತೆ ಈ ಮಿತಿಯನ್ನು ಕೆಳಗೆ ತಂದಿದೆ. ಕಾರ್ಖಾನೆಗೆ 500 ಕಾರ್ಮಿಕರು, ಅಪಾಯಕಾರಿ ಕೆಲಸದ ಕಾರ್ಖಾನೆಗೆ 250, ಕಟ್ಟಡ ನಿರ್ಮಾಣಕ್ಕೆ 250, ಗಣಿಗೆ 100. ಅಂದರೆ ಮುಂದೆ ಈ ಹುದ್ದೆಗಳು ಹೆಚ್ಚಾಗುತ್ತವೆ ಅನ್ನುವುದು ಪೋಸ್ಟರ್‌ನವರ ಸುಳ್ಳಲ್ಲ. ನಮ್ಮಂಥ ಗಣಿ, ಉಕ್ಕಿನ ಸೀಮೆಗೆ ಇದು ಒಳ್ಳೆಯ ಸುದ್ದಿಯೇ.

ಆದರೆ ಆ ಕುರ್ಚಿಯಲ್ಲಿ ಯಾರು ಕೂರಬಹುದು ಅನ್ನುವುದಕ್ಕೂ ನಿಯಮ ಇದೆ. ಕಾರ್ಖಾನೆ ಕಾಯ್ದೆಯ ಕೆಳಗೆ ರಾಜ್ಯಗಳು ಮಾಡಿಕೊಂಡ ನಿಯಮಗಳಲ್ಲಿ ಸಾಮಾನ್ಯವಾಗಿ ಇರುವುದು ಹೀಗೆ. ಮೊದಲು ಎಂಜಿನಿಯರಿಂಗ್ ಡಿಗ್ರಿ ಅಥವಾ ಡಿಪ್ಲೊಮಾ, ಇಲ್ಲವೇ ಫಿಸಿಕ್ಸ್ ಅಥವಾ ಕೆಮಿಸ್ಟ್ರಿ ಡಿಗ್ರಿ ಇರಬೇಕು. ಅದರ ಮೇಲೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿ ಕೆಲವು ವರ್ಷ ಅನುಭವ ಇರಬೇಕು. ಅದರ ಮೇಲೆ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಅಥವಾ ಡಿಗ್ರಿ ಇರಬೇಕು. ಕೊನೆಗೆ, ಆ ಕಾರ್ಖಾನೆಯ ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಚೆನ್ನಾಗಿ ಬರಬೇಕು. ಈ ಕೊನೆಯದು ನಮ್ಮ ಹುಡುಗರಿಗೆ ಅನುಕೂಲ. ಕನ್ನಡ ಬಲ್ಲ ಸೇಫ್ಟಿ ಆಫೀಸರ್ ಅಂದರೆ ಬರೀ ಅಭಿಮಾನದ ಮಾತಲ್ಲ, ಕೆಲಸದ ಅರ್ಹತೆ.

ಈಗ ಗಮನಿಸಿ. ಸುರಕ್ಷತೆಯ ಡಿಪ್ಲೊಮಾ ಮೂರನೇ ಮೆಟ್ಟಿಲು. ಪೋಸ್ಟರ್‌ನವರು ಅದನ್ನೇ ಮೊದಲನೇ ಮೆಟ್ಟಿಲು ಅಂತ ಮಾರುತ್ತಾರೆ. ಕೆಳಗಿನ ಎರಡು ಮೆಟ್ಟಿಲು ಇಲ್ಲದೆ ಮೂರನೆಯದಕ್ಕೆ ಕಾಲಿಟ್ಟರೆ ಏನಾಗುತ್ತದೆ?

ಎಮ್ಮೆ ಮಾರಿದ ಮನೆಯ ಲೆಕ್ಕ

ನನ್ನ ಅಳಿಯ ಹೋಗಲಿಲ್ಲ. ಅವನ ದೋಸ್ತ್ ಹೋದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಪಿಯುಸಿ ಓದಿದವರು. ಅವರ ಮನೆಯಲ್ಲಿ ಎಮ್ಮೆ ಮಾರಿದರು. ಆ ಹುಡುಗನ ಹೆಸರು, ಊರು, ಅವನು ಓದಿದ ಸಂಸ್ಥೆ ಬರೆಯುವುದಿಲ್ಲ. ಅವನ ಅಪ್ಪನನ್ನು ಕೇಳಿಯೇ ಈ ಲೆಕ್ಕ ಬರೆಯುತ್ತಿದ್ದೇನೆ.

ಕೋರ್ಸ್ ಫೀಸ್ 85,000. ಹಾಸ್ಟೆಲ್ ಮತ್ತು ಊಟ ತಿಂಗಳಿಗೆ 6,000ದಂತೆ ವರ್ಷಕ್ಕೆ 72,000. ಪರೀಕ್ಷೆ ಫೀಸ್, ಯೂನಿಫಾರ್ಮ್, ಬೂಟು, ಊರಿಗೆ ಓಡಾಟ ಸೇರಿ 13,000. ಒಟ್ಟು 1,70,000 ರೂಪಾಯಿ. ಸೇರುವಾಗ ಅವರಿಗೆ ಹೇಳಿದ್ದು ಬರೀ 85,000.

ಎಮ್ಮೆಗೆ 50,000 ಬಂತು. ಉಳಿದ 1,20,000 ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 2,400. ಓದುವ ವರ್ಷವೇ 28,800 ಬಡ್ಡಿ ಏರಿತು. ಎಮ್ಮೆ ಹೋದ ಮೇಲೆ ಡೇರಿಗೆ ಹಾಕುತ್ತಿದ್ದ ಹಾಲಿನ ದುಡ್ಡೂ ನಿಂತಿತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಕೋರ್ಸ್ ಮುಗಿದ ಮೇಲೆ ನೌಕರಿ ಸಿಕ್ಕಿದ್ದು ಖರೆ. ಆದರೆ ಆಫೀಸರ್ ಅಲ್ಲ. ಒಬ್ಬ ಲೇಬರ್ ಕಂಟ್ರಾಕ್ಟರ್ ಕೈ ಕೆಳಗೆ ಫೈರ್ ವಾಚ್ ಕೆಲಸ. ಕಾರ್ಖಾನೆಯಲ್ಲಿ ವೆಲ್ಡಿಂಗ್, ಗ್ಯಾಸ್ ಕಟಿಂಗ್ ನಡೆಯುವಾಗ ಕಿಡಿ ಎಲ್ಲಿ ಬೀಳುತ್ತದೆ ಅಂತ ನೋಡುತ್ತಾ, ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇಟ್ಟುಕೊಂಡು ನಿಲ್ಲುವುದು. 12 ತಾಸಿನ ಶಿಫ್ಟ್. ಕೈಗೆ ಬರುವುದು 15,000. ನಾಲ್ವರು ಹಂಚಿಕೊಂಡ ರೂಮು, ಊಟ, ಬಸ್, ಫೋನ್ ಎಲ್ಲ ಕಳೆದು ಮನೆಗೆ ಕಳಿಸುವುದು ತಿಂಗಳಿಗೆ 6,000.

ಹತ್ತು ತಿಂಗಳು ದುಡಿದಿದ್ದಾನೆ. ಮನೆಗೆ ಕಳಿಸಿದ್ದು 60,000. ಅದರಲ್ಲಿ ಓದಿದ ವರ್ಷದ ಬಡ್ಡಿ 28,800, ದುಡಿದ ಹತ್ತು ತಿಂಗಳ ಬಡ್ಡಿ 24,000, ಒಟ್ಟು 52,800 ಬಡ್ಡಿಗೇ ಹೋಯಿತು. ಅಸಲಿಗೆ ಮುಟ್ಟಿದ್ದು 7,200. ಇನ್ನೂ 1,12,800 ಬಾಕಿ ಇದೆ.

ಅವನ ಜೊತೆಗೆ ಅದೇ ಶಿಫ್ಟಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ ಇನ್ನೊಬ್ಬ ಹುಡುಗ ಇದ್ದಾನೆ. ಅವನು ಯಾವ ಕೋರ್ಸೂ ಮಾಡಿಲ್ಲ. ಕೆಲಸಕ್ಕೆ ಸೇರಿದಾಗ ಮೂರು ದಿನ ಅಲ್ಲೇ ತರಬೇತಿ ಕೊಟ್ಟರು. ಇಬ್ಬರ ಪಗಾರದಲ್ಲಿ ಇರುವ ವ್ಯತ್ಯಾಸ 700 ರೂಪಾಯಿ.

"ಹಂಗಂತ ಕಲಿತದ್ದು ಸುಳ್ಳಲ್ಲ ಮಾಮಾ," ಅಂದ ಆ ಹುಡುಗ ನನಗೆ. "ಯಾವ ಬೆಂಕಿಗೆ ನೀರು ಹಾಕಬೇಕು, ಯಾವುದಕ್ಕ ಹಾಕಬಾರದು, ಟ್ಯಾಂಕಿನೊಳಗ ಇಳಿಯೂ ಮೊದಲ ಏನು ನೋಡಬೇಕು, ಎಲ್ಲಾ ಗೊತ್ತೈತಿ. ಆದ್ರ ಮೇಲಕ್ಕ ಹೋಗಬೇಕಂದ್ರ ಡಿಪ್ಲೊಮಾ ಐತೇನು ಅಂತಾರ. ಐತಿ ಅಂದ್ರ, ಇದಲ್ಲ, ಮೆಕ್ಯಾನಿಕಲ್ ಐತೇನು ಅಂತಾರ."

ಇಡೀ ಲೇಖನದ ಸಾರ ಆ ಹುಡುಗನ ಮಾತಿನಲ್ಲೇ ಇದೆ.

ಯಾರಿಗೆ ಈ ಓದು ಲಾಭ?

ಈ ಓದೇ ಬೇಡ ಅಂತ ನಾನು ಹೇಳುತ್ತಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಸುಟ್ಟುಹೋದವರಲ್ಲಿ ಹೆಚ್ಚಿನವರು ಬಡ ಮನೆಯ, ಹೊಟ್ಟೆಪಾಡಿಗೆ ಬಂದ ಹುಡುಗರು. ಬೆಂಕಿ ಹತ್ತದಂತೆ ನೋಡಿಕೊಳ್ಳುವ, ಹತ್ತಿದರೆ ಜನರನ್ನು ಹೊರಗೆ ತರುವ ವಿದ್ಯೆ ಬಲ್ಲವರು ಈ ನಾಡಿಗೆ ಇನ್ನೂ ಬಹಳ ಬೇಕು. ಪ್ರಶ್ನೆ ಇರುವುದು ಯಾರು, ಯಾವಾಗ, ಎಲ್ಲಿ ಕಲಿಯಬೇಕು ಅನ್ನುವುದರಲ್ಲಿ.

ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆಯ ಅಂಕ ಬಂದಿದ್ದು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆಯುವ ಧೈರ್ಯ ಇದ್ದರೆ, ನಾಲ್ಕು ವರ್ಷದ ನಿಜವಾದ ಡಿಗ್ರಿ ಇದೆ. ನಾಗಪುರದಲ್ಲಿ ಕೇಂದ್ರ ಗೃಹ ಇಲಾಖೆಯ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜ್ ಇದೆ, 1956ರಲ್ಲಿ ಶುರುವಾದದ್ದು. ಅಲ್ಲಿ ಫೈರ್ ಎಂಜಿನಿಯರಿಂಗ್ ಬಿಇ ಇದೆ. ಕೇರಳದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ ಮತ್ತು ಫೈರ್ ಎಂಜಿನಿಯರಿಂಗ್ ಬಿಟೆಕ್ ಇದೆ. ಇಲ್ಲಿ ಓದಿದವರನ್ನು ತೈಲ ಕಂಪನಿ, ರಾಸಾಯನಿಕ ಕಾರ್ಖಾನೆ, ವಿಮಾನ ನಿಲ್ದಾಣಗಳು ಹುಡುಕಿಕೊಂಡು ಬರುತ್ತವೆ. ಹಾಸ್ಟೆಲ್ ಸೇರಿದರೆ ಇದಕ್ಕೂ ಲಕ್ಷಗಳೇ ಬೇಕು. ಆದರೆ ಇದಕ್ಕೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಬಹುದು, ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಚಾಚಬೇಕಿಲ್ಲ. ಈ ದುಬಾರಿ ಡಿಗ್ರಿ, ಆ ಸೋವಿ ಸರ್ಟಿಫಿಕೇಟಿಗಿಂತ ಕೊನೆಗೆ ಲಾಭ.

ಈಗಾಗಲೇ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದವರಿಗೆ, ಒಂದು ವರ್ಷದ ಕೈಗಾರಿಕಾ ಸುರಕ್ಷತೆಯ ಅಡ್ವಾನ್ಸ್ಡ್ ಡಿಪ್ಲೊಮಾ ಚಿನ್ನದಂಥದ್ದು. ಕೇಂದ್ರ ಕಾರ್ಮಿಕ ಇಲಾಖೆಯ ಸಂಸ್ಥೆಗಳು ಮುಂಬೈ, ಚೆನ್ನೈ ಮುಂತಾದ ಕಡೆ ಇದನ್ನು ನಡೆಸುತ್ತವೆ. ನಿಮ್ಮ ಊರಿನ ಯಾರಾದರೂ ಸೂಪರ್‌ವೈಸರ್ ಆಗಿ ಐದಾರು ವರ್ಷದಿಂದ ಅಲ್ಲೇ ನಿಂತಿದ್ದರೆ ಅವರಿಗೆ ಈ ಲೇಖನ ಕಳಿಸಿ.

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲೇ "ಫೈರ್ ಟೆಕ್ನಾಲಜಿ ಆ್ಯಂಡ್ ಇಂಡಸ್ಟ್ರಿಯಲ್ ಸೇಫ್ಟಿ ಮ್ಯಾನೇಜ್‌ಮೆಂಟ್" ಅಂತ ಒಂದು ವರ್ಷದ ಟ್ರೇಡ್ ಇದೆ. ಅದರ ಸರ್ಟಿಫಿಕೇಟಿಗೆ ದೇಶಾದ್ಯಂತ ಸರ್ಕಾರಿ ಮಾನ್ಯತೆ ಇದೆ. ಅದರಿಂದ ಆಫೀಸರ್ ಆಗುವುದಿಲ್ಲ, ಆದರೆ ಕೆಳಗಿನ ಹಂತದ ಕೆಲಸಕ್ಕೆ ಹೋಗಬೇಕಾದರೂ ಕೈಯಲ್ಲಿ ಮಾನ್ಯತೆ ಇರುವ ಕಾಗದ ಇರುತ್ತದೆ.

ಗಲ್ಫ್‌ಗೆ ಹೋಗುವ ಆಸೆ ಇದ್ದವರಿಗೆ ಬ್ರಿಟನ್ನಿನ ನೆಬೋಷ್ ಸರ್ಟಿಫಿಕೇಟ್ ಮಾಡಿ ಅನ್ನುತ್ತಾರೆ. ಅಲ್ಲಿನ ಕಂಪನಿಗಳು ಅದನ್ನು ಕೇಳುವುದು ನಿಜ. ಆದರೆ ಸೈಟಿನಲ್ಲಿ ಕೆಲಸ ಮಾಡಿದ ಅನುಭವ ಇಲ್ಲದವನ ಕೈಯಲ್ಲಿ ಅದು ಒಂದು ಕಾಗದ ಅಷ್ಟೆ. ವಿದೇಶಕ್ಕೆ ಕಳಿಸುತ್ತೇವೆ ಅನ್ನುವ ಏಜೆಂಟ್ ಯಾರೇ ಇರಲಿ, ಕೇಂದ್ರ ಸರ್ಕಾರದ ಲೈಸೆನ್ಸ್ ಇದೆಯೇ ಅಂತ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ಲೈಸೆನ್ಸ್ ಇದ್ದವರೂ ಸೇವಾ ಶುಲ್ಕ ಅಂತ 30,000 ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ಆಫೀಸಿನ ಗಾಜಿನ ಬಾಗಿಲು, ಎಸಿ, ಇಂಗ್ಲಿಷ್ ಮಾತಾಡುವ ಹುಡುಗಿ ಇವನ್ನೆಲ್ಲ ನೋಡಿ ನಮ್ಮ ಜನ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ದುಡ್ಡು ನಿಮ್ಮದು. ಧೈರ್ಯವಾಗಿ ಕೇಳಿ.

ಒಂದು. ಡಿಗ್ರಿ ಅಂದರೆ ಯಾವ ವಿಶ್ವವಿದ್ಯಾಲಯದ ಡಿಗ್ರಿ? ನಮ್ಮ ದೇಶದಲ್ಲಿ ಕಾನೂನಿನ ಪ್ರಕಾರ ಡಿಗ್ರಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೆ ಮತ್ತು ಅಂಥ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ. ಯುಜಿಸಿ ವೆಬ್‌ಸೈಟಿನಲ್ಲಿ ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿಯೂ ಇದೆ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಇದೆ. ದೂರದ ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಫ್ರಾಂಚೈಸಿ ಅಂತ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಫ್ರಾಂಚೈಸಿ ಮೂಲಕ ಡಿಗ್ರಿ ಕೊಡುವುದನ್ನು ಯುಜಿಸಿ ಒಪ್ಪುವುದಿಲ್ಲ.

ಎರಡು. ಡಿಪ್ಲೊಮಾ ಅಂದರೆ ಎಐಸಿಟಿಇ ಅಥವಾ ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯ ಮಾನ್ಯತೆ ಇದೆಯೇ? "ಐಎಸ್ಒ ಸರ್ಟಿಫೈಡ್", "ಸರ್ಕಾರದಿಂದ ನೋಂದಾಯಿತ" ಅನ್ನುವ ಮಾತಿಗೆ ಮರುಳಾಗಬೇಡಿ. ಕಿರಾಣಿ ಅಂಗಡಿಯೂ ಸರ್ಕಾರದಲ್ಲಿ ನೋಂದಣಿ ಮಾಡಿಸಬಹುದು. ಸಂಸ್ಥೆಯ ನೋಂದಣಿ ಬೇರೆ, ಕೋರ್ಸಿನ ಮಾನ್ಯತೆ ಬೇರೆ.

ಮೂರು. ಸೇಫ್ಟಿ ಆಫೀಸರ್ ಹುದ್ದೆಗೆ ಈ ಸರ್ಟಿಫಿಕೇಟ್ ನಡೆಯುತ್ತದೆಯೇ? ಇದನ್ನು ಸಂಸ್ಥೆಯವರನ್ನು ಕೇಳುವುದಕ್ಕಿಂತ ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯನ್ನು ಕೇಳಿ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದು ತಿಂಗಳು ತಡವಾಗಬಹುದು. ಲಕ್ಷ ರೂಪಾಯಿ ಉಳಿಯಬಹುದು.

ನಾಲ್ಕು. ಹೋದ ವರ್ಷ ಓದಿದ ಹತ್ತು ಹುಡುಗರ ಫೋನ್ ನಂಬರ್ ಕೊಡಿ ಅನ್ನಿ. ಗೋಡೆಗೆ ಹಚ್ಚಿದ ಫೋಟೊದ ಹುಡುಗರದಲ್ಲ, ನೀವು ದಾಖಲಾತಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದವರದ್ದು.

ಐದು. ಉದ್ಯೋಗ ಗ್ಯಾರಂಟಿ ಅಂದರೆ ಯಾವ ಹುದ್ದೆ? ಕಂಪನಿಯ ಪಗಾರ ಪಟ್ಟಿಯಲ್ಲೋ, ಕಂಟ್ರಾಕ್ಟರ್ ಕೈ ಕೆಳಗೋ? ಪಿಎಫ್, ಇಎಸ್ಐ ಇದೆಯೇ? ಬಾಂಡ್ ಪೇಪರ್ ಮೇಲೆ ಬರೆದುಕೊಡಿ ಅನ್ನಿ. ಆಗ "ಗ್ಯಾರಂಟಿ" ಹೋಗಿ "ಸಹಾಯ ಮಾಡ್ತೀವಿ" ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆರು. ಮಾರ್ಕ್ಸ್ ಕಾರ್ಡ್, ಟಿಸಿ ಒರಿಜಿನಲ್ ಯಾವ ಕಾರಣಕ್ಕೂ ಅವರ ಕೈಯಲ್ಲಿ ಬಿಟ್ಟು ಬರಬೇಡಿ. ತೋರಿಸಿ, ಝೆರಾಕ್ಸ್ ಕೊಟ್ಟು ಬನ್ನಿ. ನಡುವೆ ಬಿಟ್ಟು ಹೋಗಬೇಕಾದ ಹುಡುಗರನ್ನು ಕಟ್ಟಿಹಾಕುವ ಹಗ್ಗ ಅದೇ.

ಇದೆಲ್ಲ ತಲೆಗೆ ಹೋಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಊರಿನ ಬ್ಯಾಂಕಿಗೆ ಹೋಗಿ ಈ ಕೋರ್ಸಿಗೆ ಶಿಕ್ಷಣ ಸಾಲ ಕೇಳಿ. ಮಾನ್ಯತೆ ಇಲ್ಲದ ಕೋರ್ಸು ಅಂತ ಮ್ಯಾನೇಜರ್ ತಲೆ ಅಲ್ಲಾಡಿಸಿದರೆ ನಿಮಗೆ ಉತ್ತರ ಸಿಕ್ಕಿತು. ಬ್ಯಾಂಕು ನಂಬದ ಕಾಗದಕ್ಕೆ ನೀವು ಎಮ್ಮೆ ಯಾಕೆ ಮಾರಬೇಕು?

ಅಳಿಯ ಈಗ ಏನು ಮಾಡುತ್ತಿದ್ದಾನೆ?

ಪಿಯುಸಿ ಸೈನ್ಸ್ ಪಾಸಾದವರು ಪಾಲಿಟೆಕ್ನಿಕ್‌ನಲ್ಲಿ ಲ್ಯಾಟರಲ್ ಎಂಟ್ರಿ ಮೂಲಕ ನೇರ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ಹಳ್ಳಿಗಳಲ್ಲಿ ಇದು ಬಹಳ ಜನರಿಗೆ ಗೊತ್ತಿಲ್ಲ, ಯಾಕೆಂದರೆ ಸರ್ಕಾರಿ ಪಾಲಿಟೆಕ್ನಿಕ್‌ನವರು ಬಸ್ ಸ್ಟ್ಯಾಂಡ್ ಗೋಡೆಗೆ ಪೋಸ್ಟರ್ ಹಚ್ಚುವುದಿಲ್ಲ. ಅಳಿಯ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಸೇರಿದ. ಈಗ ಕೊನೆಯ ವರ್ಷ. ಎರಡು ವರ್ಷದ ಕಾಲೇಜು ಫೀಸ್ ಎಲ್ಲ ಸೇರಿದರೂ ಅವನ ದೋಸ್ತ್ ಎರಡು ತಿಂಗಳು ಹಾಸ್ಟೆಲಿಗೆ ಕಟ್ಟಿದಷ್ಟು ಆಗಿಲ್ಲ. ಲೈಸೆನ್ಸ್ ಮಾಡಿಸಿದ್ದಾನೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾನೆ. ಫೈರ್‌ಮನ್ ಹುದ್ದೆ ಕರೆದರೆ ಅದಕ್ಕೂ ಹಾಕುತ್ತಾನೆ. ಇಲ್ಲವಾದರೆ ಕಾರ್ಖಾನೆ ಸೇರಿ, ಅನುಭವ ಗಳಿಸಿ, ಆಮೇಲೆ ತನ್ನ ಪಗಾರದಲ್ಲೇ ಸೇಫ್ಟಿ ಡಿಪ್ಲೊಮಾ ಮಾಡಬಹುದು. ಆಗ ಅದು ಮೂರನೇ ಮೆಟ್ಟಿಲೇ ಆಗಿರುತ್ತದೆ.

ಅವನು ದೊಡ್ಡ ಮನುಷ್ಯ ಆಗಿಬಿಟ್ಟ ಅಂತ ಹೇಳುತ್ತಿಲ್ಲ. ಡಿಪ್ಲೊಮಾ ಆದ ಮೇಲೂ ಕೆಲಸ ಹುಡುಕಬೇಕು. ಶುರುವಿನ ಪಗಾರ ಅವನ ದೋಸ್ತ್‌ಗಿಂತ ಬಹಳ ಹೆಚ್ಚೇನೂ ಇರಲಿಕ್ಕಿಲ್ಲ. ಮೊದಲ ವರ್ಷ ಅವನು ನನ್ನ ಮೇಲೆ ಸಿಟ್ಟಾಗಿದ್ದ. "ಮಾಮಾ, ಅಂವಾ ಈಗಾಗಲೇ ದುಡಿಯಾಕತ್ಯಾನ, ನಾ ಇನ್ನೂ ಕಾಲೇಜಿಗೆ ಹೊಂಟೀನಿ" ಅಂತಿದ್ದ. ವ್ಯತ್ಯಾಸ ಇಷ್ಟೆ. ಅಕ್ಕನ ಮನೆಯಲ್ಲಿ ಎಮ್ಮೆ ಇದೆ, ಸಾಲ ಇಲ್ಲ, ಹುಡುಗನ ಮುಂದೆ ನಾಲ್ಕು ದಾರಿ ತೆರೆದಿವೆ.

ನಾನೂ ಒಂದು ಡಿಪ್ಲೊಮಾ ಮಾಡಿದವನು, ಪತ್ರಿಕೋದ್ಯಮದ್ದು. ಹತ್ತು ವರ್ಷದಲ್ಲಿ ಯಾರೂ ಅದನ್ನು ತೋರಿಸು ಅಂತ ಕೇಳಿಲ್ಲ. ಆದರೆ ಅಲ್ಲಿ ಒಬ್ಬ ಮೇಷ್ಟ್ರು ಹೇಳಿಕೊಟ್ಟಿದ್ದರು, ಯಾರೇ ಏನೇ ಹೇಳಿದರೂ "ಯಾರು ಹೇಳಿದ್ದು, ಎಲ್ಲಿ ಬರೆದಿದೆ" ಅಂತ ಕೇಳು ಅಂತ. ಆ ಜಾಹೀರಾತು ತಂದ ದಿನ ನಾನು ಅದನ್ನು ಕೇಳಲಿಲ್ಲ. ಹೋದ ವರ್ಷ ರಿಸಲ್ಟ್ ಪುರವಣಿಗೆ ಆ ಜಾಹೀರಾತು ನಾನು ತರಲಿಲ್ಲ. ಬೇರೊಬ್ಬರು ತಂದರು, ಮತ್ತೆ ಕಾಲು ಪುಟ ಬಂತು. ಈ ವರ್ಷವೂ ಬರುತ್ತದೆ. ಅದನ್ನು ತಡೆಯುವ ಶಕ್ತಿ ನನಗಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಬೆಂಕಿಯ ವಿದ್ಯೆ ಒಂದಿಷ್ಟು ಬಿಟ್ಟಿಯಾಗಿಯೂ ಸಿಗುತ್ತದೆ ಅಂತ ಹೇಳಿ ಮುಗಿಸುತ್ತೇನೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಪ್ರಾಣ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ತಾಲೂಕಿನ ಠಾಣೆಯವರು ಶಾಲೆ, ಬಸ್ ಸ್ಟ್ಯಾಂಡ್, ಆಸ್ಪತ್ರೆಗಳಲ್ಲಿ ಪ್ರಾತ್ಯಕ್ಷಿಕೆ ಮಾಡುತ್ತಾರೆ. ನಿಮ್ಮ ಊರಿಗೂ ಬನ್ನಿ ಅಂತ ಪಂಚಾಯಿತಿಯಿಂದ ಒಂದು ಪತ್ರ ಕೊಟ್ಟು ಕೇಳಿ. ನಮ್ಮ ಹಳ್ಳಿಗಳಲ್ಲಿ ಬೇಸಿಗೆ ಬಂತಂದರೆ ಬಣವಿಗೆ ಬೆಂಕಿ ಬೀಳುವುದು ಇದ್ದದ್ದೇ. ಗಾಡಿ ತಾಲೂಕಿನಿಂದ ಬರುವಷ್ಟರಲ್ಲಿ ಮೇವು ಬೂದಿ. ಅಷ್ಟು ಹೊತ್ತು ಏನು ಮಾಡಬೇಕು, ಏನು ಮಾಡಬಾರದು ಅಂತ ಊರಿನ ಹುಡುಗರು ಕಲಿತುಕೊಳ್ಳಲಿ. ಫೈರ್‌ಮನ್ ಆಗಬೇಕು ಅನ್ನುವ ಹುಡುಗ ಅಲ್ಲಿನ ಸಿಬ್ಬಂದಿ ಜೊತೆ ಹತ್ತು ನಿಮಿಷ ಮಾತಾಡಲಿ. ನೀವು ಯಾವ ಕೋರ್ಸ್ ಮಾಡಿ ಇಲ್ಲಿಗೆ ಬಂದಿರಿ ಅಂತ ಅವರನ್ನೇ ಕೇಳಲಿ.